ಎರಡನೆಯ ನಗು

ಮಗುವಿನ ಬಾಯಲ್ಲಿ ಮೈಬಣ್ಣದ ಹೀಯಾಳಿಕೆ ಕೇಳಿದರೆ ಸಾಕು, ಮನೆಯಲ್ಲೇ ಕಲಿತಿದೆ ಎಂದುಬಿಡುತ್ತೇವೆ. ಮನೆಯ ಪಾಲು ಇಲ್ಲವೆನ್ನಲಾರೆ. ಆದರೆ ಆ ಮಾತಿಗೆ ಬಲ ಬರುವುದು ಓರಗೆಯವರ ನಡುವೆ.

ಕರಿಯರ ಹಕ್ಕುಗಳಿಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಮರುದಿನ, 1968ರ ಏಪ್ರಿಲ್ 5ರಂದು, ಅಮೆರಿಕದ ಅಯೋವಾ ರಾಜ್ಯದ ರೈಸ್‌ವಿಲ್ ಎಂಬ ಸಣ್ಣ ಊರಿನಲ್ಲಿ ಜೇನ್ ಎಲಿಯಟ್ ಎಂಬ ಶಿಕ್ಷಕಿ ವರ್ಣಭೇದದ ನೋವು ತಿಳಿಸಲು ತಮ್ಮ ಮೂರನೇ ತರಗತಿಯ ಮಕ್ಕಳನ್ನು ಕಣ್ಣಿನ ಬಣ್ಣ ನೋಡಿ ಎರಡು ಗುಂಪು ಮಾಡಿದರು. ಎಲ್ಲರೂ ಬಿಳಿಯರ ಮಕ್ಕಳೇ. ಒಂದು ಗುಂಪು ಜಾಣರದು, ಅವರಿಗೆ ಆಟಕ್ಕೆ ಹೆಚ್ಚು ಹೊತ್ತು. ಇನ್ನೊಂದು ಗುಂಪು ದಡ್ಡರದು. ಆಮೇಲೆ ಅದಲುಬದಲು. 1970ರಲ್ಲಿ ಇದೇ ಪಾಠ ‘ದಿ ಐ ಆಫ್ ದಿ ಸ್ಟಾರ್ಮ್’ ಎಂಬ ಸಾಕ್ಷ್ಯಚಿತ್ರವಾಯಿತು. ಅದರಲ್ಲಿ, ಆಟದ ಬಿಡುವಿನಲ್ಲಿ ಹುಡುಗನೊಬ್ಬ ಗೆಳೆಯನಿಗೆ ಗುದ್ದಿದ್ದಾನೆ. ಆ ಗೆಳೆಯ ‘ಕಂದುಗಣ್ಣ’ ಅಂದನಂತೆ, ಅದಕ್ಕೆ. ಟೀಚರ್ ಹೇಳಿದ್ದು ಕ್ಲಾಸಿನೊಳಗೆ; ಅದನ್ನು ಬೈಗುಳ ಮಾಡಿ ಅಂಗಳಕ್ಕೆ ಒಯ್ದವರು ಜೊತೆಯ ಹುಡುಗರು. ಎಳೆಯ ಮಕ್ಕಳನ್ನು ಹಾಗೆ ನೋಯಿಸಿ ಕಲಿಸುವುದು ನನಗೆ ಒಪ್ಪಿಗೆಯಿಲ್ಲ. ಆದರೂ ಆ ಹುಡುಗನ ಮುಖ ಮರೆಯಲಾಗಿಲ್ಲ.

ನಮ್ಮ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ಆಫ್ರಿಕಾ ಮೂಲದ ಸಿದ್ದಿಗಳು ತಲೆಮಾರುಗಳಿಂದ ಬಾಳುತ್ತಿದ್ದಾರೆ. 2003ರಲ್ಲಿ ಅವರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಪಟ್ಟಿಯ ರಕ್ಷಣೆ ಶಾಲೆಯ ಅಂಗಳದವರೆಗೆ ಬರುವುದಿಲ್ಲ. ಆ ಕಡೆಯ ಒಂದು ಶಾಲೆಯಲ್ಲಿ ನೋಡಿದ್ದೇನೆ: ಊಟದ ಗಂಟೆ ಹೊಡೆದಿತ್ತು, ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದ ಸಿದ್ದಿ ಹುಡುಗಿಯ ಗುಂಗುರು ಕೂದಲನ್ನು ಹಿಂದಿನವನು ಎಳೆದು ನಕ್ಕ. ಪಕ್ಕದವನು ತಕ್ಷಣ ನಗಲಿಲ್ಲ. ಮೊದಲು ಅವನ ಮುಖ ನೋಡಿದ, ಇನ್ನಿಬ್ಬರ ಮುಖ ನೋಡಿದ, ಆಮೇಲೆ ನಕ್ಕ. ಅಲ್ಲಿಂದ ಸಾಲಿಡೀ ನಗು. ಹುಡುಗಿ ತಟ್ಟೆಯನ್ನು ಎದೆಗೆ ಒತ್ತಿಕೊಂಡು ಸಾಲಿನ ಕೊನೆಗೆ ಹೋದಳು.

ಅಡುಗೆಯವರು ಮೊದಲನೆಯವನನ್ನು ಗದರಿದರು. ನನ್ನ ಕಣ್ಣು ಎರಡನೆಯವನ ಮೇಲಿತ್ತು. ಅವನಲ್ಲಿ ದ್ವೇಷವಿರಲಿಲ್ಲ, ಗುಂಪಿನಿಂದ ಹೊರಗುಳಿಯುವ ಅಂಜಿಕೆಯಿತ್ತು. ಅವನು ಸುಮ್ಮನಿದ್ದಿದ್ದರೆ ಮೊದಲ ನಗು ಒಂಟಿಯಾಗಿ ಸಾಯುತ್ತಿತ್ತು. ಬಹುಪಾಲು ಮಕ್ಕಳು ಅವನಂಥವರೇ, ನಮ್ಮ ನಿಮ್ಮ ಮನೆಯವರು.

ಹಾಗಾಗಿ ತಂದೆತಾಯಂದಿರೇ, ಮೇಷ್ಟ್ರುಗಳೇ, ಇಂಥ ದೂರು ಬಂದಾಗ ‘ಯಾರು ಶುರು ಮಾಡಿದ್ದು?’ ಎಂಬಲ್ಲಿಗೇ ನಿಲ್ಲಿಸಬೇಡಿ. ‘ಆಗ ನೀನೇನು ಮಾಡಿದೆ?’ ಎಂದು ನಿಮ್ಮ ಮಗುವನ್ನು ಗದರದೆ ಕೇಳಿ.