‘ಪತಾತ’ದಿಂದ ‘ಬಟಾಟೆ’ಯವರೆಗೆ

ಶಬ್ದಗಳ ವಲಸೆಯನ್ನು ಕುರಿತು ಯೋಚಿಸುವಾಗಲೆಲ್ಲ ನನಗೆ ನೆನಪಾಗುವುದು ಸ್ಪ್ಯಾನಿಷ್ ಭಾಷೆಯ ‘ಪತಾತ’ ಎಂಬ ಪದ. ಸ್ಪೇನಿನಲ್ಲಿ ಆಲೂಗಡ್ಡೆಗೆ ಇದೇ ಹೆಸರು. ಆದರೆ ಅದೇ ಭಾಷೆಯನ್ನಾಡುವ ಮೆಕ್ಸಿಕೊ, ಪೆರು, ಅರ್ಜೆಂಟೀನಗಳಲ್ಲಿ ಅದು ‘ಪಾಪ’. ಸ್ಪೇನಿಗೇ ಸೇರಿದ ಕೆನರಿ ದ್ವೀಪಗಳಲ್ಲಿಯೂ ‘ಪಾಪ’ವೇ ರೂಢಿ.

‘ಪಾಪ’ವು ಆಂಡೀಸ್ ಪರ್ವತಪ್ರದೇಶದ ಕೆಚುವಾ ಭಾಷೆಯ ಪದ. ಇದಕ್ಕೆ ಸಂಬಂಧವಿಲ್ಲದ ಇನ್ನೊಂದು ಪದ ‘ಬತಾತ’. ಅದು ಕೆರಿಬಿಯನ್ ದ್ವೀಪಗಳ ತೈನೊ ಜನರ ನುಡಿ, ಅರ್ಥ ಗೆಣಸು. 1492ರಲ್ಲಿ ಕೊಲಂಬಸನು ಆ ದ್ವೀಪಗಳನ್ನು ಮುಟ್ಟಿದ ಮೇಲೆ ಸ್ಪೇನಿನವರು ಮೊದಲು ಕಲಿತದ್ದು ಗೆಣಸಿನ ಹೆಸರನ್ನು. ಆಲೂಗಡ್ಡೆಯ ಪರಿಚಯವಾದದ್ದು 1530ರ ದಶಕದಲ್ಲಿ ಅವರು ಇಂಕಾ ಸಾಮ್ರಾಜ್ಯವನ್ನು ಹೊಕ್ಕ ಬಳಿಕ. ಸಸ್ಯಶಾಸ್ತ್ರದ ದೃಷ್ಟಿಯಿಂದ ಇವೆರಡೂ ಬೇರೆ ಬೇರೆ ಕುಲದವು. ಆಲೂಗಡ್ಡೆ ಬದನೆಯ ಬಳಗಕ್ಕೆ ಸೇರಿದ್ದು. ಆದರೂ ನೆಲದಡಿಯ ಈ ಎರಡು ಬೆಳೆಗಳ ಹೆಸರುಗಳು ಜನರ ನಾಲಗೆಯ ಮೇಲೆ ಬೆರೆತು ‘ಪತಾತ’ವಾಯಿತು. ಇಂಗ್ಲಿಷಿನ ‘ಪೊಟೇಟೊ’ ಹುಟ್ಟಿದ್ದೂ ಈ ಮೂಲದಿಂದಲೇ.

ಬಳಕೆಯ ಸ್ವಾರಸ್ಯವೂ ಕಡಿಮೆಯದಲ್ಲ. ಸ್ಪ್ಯಾನಿಷಿನಲ್ಲಿ ‘ಪಾಪ’ ಪುಲ್ಲಿಂಗವಾದರೆ ಪೋಪ್ ಗುರುಗಳು, ಸ್ತ್ರೀಲಿಂಗವಾದರೆ ಆಲೂಗಡ್ಡೆ. ಕೊನೆಯ ಅಕ್ಷರವನ್ನು ಒತ್ತಿ ಹೇಳಿದರೆ ಅಪ್ಪ! ಏನೊಂದೂ ತಿಳಿಯದು ಎನ್ನುವುದಕ್ಕೆ ‘ಪಾಪವೂ ತಿಳಿಯದು’ ಎಂಬ ನುಡಿಗಟ್ಟಿದೆ.

ಪೋರ್ಚುಗೀಸರು ‘ಬತಾತ’ವನ್ನೇ ಆಲೂಗಡ್ಡೆಗೂ ಬಳಸಿದರು. 1510ರಲ್ಲಿ ಗೋವೆಯನ್ನೂ 1534ರಲ್ಲಿ ಮುಂಬಯಿಯ ದ್ವೀಪಗಳನ್ನೂ ಪಡೆದ ಅವರ ಭಾಷೆಯಿಂದ ಈ ಪದ ಕೊಂಕಣಿ, ಮರಾಠಿಗಳಿಗೆ ಇಳಿಯಿತು. ನಮ್ಮ ಕರಾವಳಿಯ ‘ಬಟಾಟೆ’, ಉತ್ತರ ಕರ್ನಾಟಕದ ‘ಬಟಾಟಿ’ ಇದರ ರೂಪಗಳೇ. ಗೆಣಸಿನ ಹೆಸರು ಆಲೂಗಡ್ಡೆಗೆ ಅಂಟಿಕೊಂಡು ಸಾಗರಗಳನ್ನು ದಾಟಿ ನಮ್ಮ ಪಲ್ಯದ ಬಾಣಲೆಗೆ ಬಂದು ಸೇರಿತು.

ಒಮ್ಮೆ ವಿಭಾಗದ ವಿದ್ಯಾರ್ಥಿಗಳಿಗೆ ತಮ್ಮ ಮನೆಯ ಅಡುಗೆಮಾತುಗಳನ್ನು ಸಂಗ್ರಹಿಸಿ ತರಲು ಹೇಳಿದ್ದೆ. ಮುಂಬಯಿಯಲ್ಲಿಯೇ ಹುಟ್ಟಿ ಬೆಳೆದ ಒಬ್ಬ ವಿದ್ಯಾರ್ಥಿನಿ ‘ಬಟಾಟೆ’ ಎಂದು ಬರೆದು, ಅದನ್ನು ಹೊಡೆದು ಹಾಕಿ, ‘ಆಲೂಗಡ್ಡೆ’ ಎಂದು ತಿದ್ದಿದ್ದಳು. ಕಾರಣ ಕೇಳಿದೆ. “ಸರ್, ಅದು ನಮ್ಮ ಮನೆಯ ಮಾತು. ಶುದ್ಧ ಕನ್ನಡವಲ್ಲವಲ್ಲ” ಎಂದಳು. ಆ ಉತ್ತರ ನನ್ನನ್ನು ನೋಯಿಸಿತು. ‘ಆಲು’ವಾದರೂ ಏನು? ಈ ಗಡ್ಡೆ ಭಾರತಕ್ಕೆ ಬರುವುದಕ್ಕೆ ಎಷ್ಟೋ ಮೊದಲು ಸಂಸ್ಕೃತದಲ್ಲಿ ಬೇರೆ ಗಡ್ಡೆಗಳಿಗಿದ್ದ ಹೆಸರು. ಹೊಸ ಬೆಳೆಗೆ ಅದನ್ನು ಅನ್ವಯಿಸಿದರು, ಅಷ್ಟೆ. ಎರವಲು ಎಂಬ ಕಾರಣಕ್ಕೆ ‘ಬಟಾಟೆ’ಯನ್ನು ಹೊರಗಿಡುವುದಾದರೆ ‘ಆಲೂ’ವನ್ನು ಉಳಿಸಿಕೊಳ್ಳುವುದಕ್ಕೂ ಆಧಾರವಿಲ್ಲ. ‘ಮೇಜು’, ‘ಚಾವಿ’, ‘ಅನಾನಸು’ಗಳು ಸಹ ಪೋರ್ಚುಗೀಸರ ಮೂಲಕವೇ ಬಂದವು, ಅವುಗಳನ್ನಾಡಲು ಯಾರೂ ನಾಚುವುದಿಲ್ಲ.

ಹೊರನಾಡಿನ ಕನ್ನಡಿಗನು ತನ್ನ ಮನೆಮಾತನ್ನು ಅಶುದ್ಧವೆಂದು ಬಗೆದು ಮರೆಮಾಡತೊಡಗಿದರೆ, ಮುಂದಿನ ತಲೆಮಾರಿಗೆ ಅವನು ದಾಟಿಸಬಲ್ಲ ಕನ್ನಡವೇ ಇಲ್ಲವಾಗುತ್ತದೆ. ಆದ್ದರಿಂದ ನಮ್ಮ ವಿದ್ಯಾರ್ಥಿಗಳು ಇಂಥ ಪದಗಳನ್ನು ಅವುಗಳ ಊರು, ಬಳಕೆಗಳ ಸಹಿತ ದಾಖಲಿಸುವ ಕೆಲಸಕ್ಕೆ ತೊಡಗಬೇಕು. ಆ ವಿದ್ಯಾರ್ಥಿನಿಯ ಹಾಳೆಯಲ್ಲಿ ಹೊಡೆದುಹೋಗಿದ್ದ ‘ಬಟಾಟೆ’ಯ ಮೇಲೆ ಅದೇ ಪದವನ್ನು ನಾನು ಮತ್ತೊಮ್ಮೆ ಬರೆದುಕೊಟ್ಟೆ.