ಕುಚ್ಚಲಕ್ಕಿ ಗಂಜಿ ಮತ್ತು ಜಪಾನಿನ ಪಥ್ಯ

ಎರಡು ವರ್ಷಗಳ ಹಿಂದಿನ ಮಾತು. ದೊಡ್ಡಪ್ಪನ ಮಗ, ನಮ್ಮೆಲ್ಲರಿಗೂ ಅಣ್ಣ, ಒಂದು ಭಾನುವಾರ ಮನೆಗೆ ಬಂದಿದ್ದ. ಊಟಕ್ಕೆ ಕುಳಿತಾಗ ತಾನು ತಂದಿದ್ದ ಡಬ್ಬಿ ತೆಗೆದ. ಅದರಲ್ಲಿ ಪಾಲಿಶ್ ಮಾಡದ ಅಕ್ಕಿಯ ಅನ್ನ, ಹುರಿದ ಎಳ್ಳು ಮತ್ತು ಉಪ್ಪು ಮಾತ್ರ. "ಸಕ್ಕರೆ ಕಾಯಿಲೆಯ ಗುಳಿಗೆ ಬಿಟ್ಟು ಒಂದು ತಿಂಗಳಾಯಿತು ಮಾರಾಯ. ಇದು ಜಪಾನಿನ ಪಥ್ಯ, ಮ್ಯಾಕ್ರೋಬಯೋಟಿಕ್" ಎಂದ. ಯಾವುದೋ ಶಿಬಿರದಲ್ಲಿ ಸಿಕ್ಕಿದ ಜೆರಾಕ್ಸ್ ಹಾಳೆಗಳನ್ನೂ ತೋರಿಸಿದ. ನಾವು ನಕ್ಕು ಸುಮ್ಮನಾದೆವು. ಹಾಗೆ ಸುಮ್ಮನಾದದ್ದೇ ನಮ್ಮ ತಪ್ಪು.

ಮುಂದೆ ಆದದ್ದನ್ನು ಹೇಳುವ ಮೊದಲು ಈ ಪಥ್ಯದ ಕಥೆಯನ್ನು ಹೇಳಬೇಕು.

ಮ್ಯಾಕ್ರೋಬಯೋಟಿಕ್ ಎಂಬುದು ಗ್ರೀಕ್ ಮೂಲದ ಪದ. ದೀರ್ಘ ಬದುಕು ಎಂದು ಅರ್ಥ. 18ನೇ ಶತಮಾನದ ಕೊನೆಗೆ ಹುಫೆಲಾಂಡ್ ಎಂಬ ಜರ್ಮನ್ ವೈದ್ಯರು ದೀರ್ಘಾಯುಷ್ಯದ ಕುರಿತ ತಮ್ಮ ಗ್ರಂಥದಲ್ಲಿ ಈ ಪದವನ್ನು ಬಳಸಿದ್ದರು. ಆದರೆ ಪಥ್ಯದ ಬೇರು ಇರುವುದು ಜಪಾನಿನಲ್ಲಿ. ಅಲ್ಲಿ 19ನೇ ಶತಮಾನದಲ್ಲಿ ಬಿಳಿ ಅಕ್ಕಿ ತಿನ್ನುವವರನ್ನು ಬೆರಿಬೆರಿ ಕಾಡುತ್ತಿತ್ತು. 1882-83ರಲ್ಲಿ ದೂರಯಾನಕ್ಕೆ ಹೋದ ಒಂದು ಜಪಾನಿ ನೌಕೆಯ 376 ಜನರಲ್ಲಿ 169 ಮಂದಿಗೆ ಆ ರೋಗ ಬಂತು, 25 ಮಂದಿ ಸತ್ತರು. ನೌಕಾಪಡೆಯ ವೈದ್ಯ ತಕಾಕಿಯವರು ಊಟ ಬದಲಿಸಿ ರೋಗವನ್ನು ಹಿಡಿತಕ್ಕೆ ತಂದರು. ತೌಡಿನ ಜೊತೆ ಹೋಗುತ್ತಿದ್ದದ್ದು ಬಿ1 ಜೀವಸತ್ವ ಎಂದು ಲೋಕಕ್ಕೆ ತಿಳಿದದ್ದು ಎಷ್ಟೋ ವರ್ಷಗಳ ನಂತರ.

ಅದೇ ಕಾಲದ ಸೇನಾ ವೈದ್ಯ ಸಾಗೆನ್ ಇಷಿಜುಕಾ ಅವರು ಪಾಲಿಶ್ ಮಾಡದ ಅಕ್ಕಿ, ತಮ್ಮ ನೆಲದ ತರಕಾರಿ, ಆಯಾ ಋತುವಿನ ಆಹಾರ ಇವೇ ಆರೋಗ್ಯ ಎಂದು ಸಾರಿದರು. ಅವರ ದಾರಿಯಲ್ಲಿ ಬಂದವರು ಜಾರ್ಜ್ ಒಸಾವಾ (1893-1966). ಚಿಕ್ಕ ಪ್ರಾಯದಲ್ಲಿ ಬಂದ ಕ್ಷಯ ಈ ಊಟದಿಂದಲೇ ವಾಸಿಯಾಯಿತು ಎಂದು ಅವರು ನಂಬಿದ್ದರು. ಅವರು ಇದಕ್ಕೆ ಯಿನ್-ಯಾಂಗ್ ತತ್ತ್ವವನ್ನು ಸೇರಿಸಿದರು. ನಮ್ಮ ಅಜ್ಜಿಯಂದಿರು ಪಪ್ಪಾಯಿ ಉಷ್ಣ, ಎಳನೀರು ತಂಪು ಎನ್ನುವಂತೆ, ಸಕ್ಕರೆ ಅತಿ ಯಿನ್, ಮಾಂಸ-ಮೊಟ್ಟೆ ಯಾಂಗ್, ಕೆಂಪಕ್ಕಿಯಂಥ ಧಾನ್ಯ ನಡುವಿನದು ಎಂಬ ಲೆಕ್ಕ. ಚೆನ್ನಾಗಿ ಜಗಿದು ತಿನ್ನಬೇಕು, ಹಸಿವಿನಷ್ಟೇ ತಿನ್ನಬೇಕು ಎಂಬುದೂ ಇದೆ.

ಇಲ್ಲಿಯವರೆಗೆ ತಕರಾರಿಲ್ಲ. ಕಾಸರಗೋಡಿನ ನಮ್ಮ ಹಿರಿಯರು ಹೆಸರು ಗೊತ್ತಿಲ್ಲದೆ ಇದರಲ್ಲಿ ಅರ್ಧವನ್ನು ಪಾಲಿಸಿದ್ದಾರೆ. ಭತ್ತವನ್ನು ನೆನೆಸಿ ಬೇಯಿಸಿ ಒಣಗಿಸಿ ಕುಚ್ಚಲಕ್ಕಿ ಮಾಡುವಾಗ ತೌಡಿನ ಜೀವಸತ್ವ ಕಾಳಿನೊಳಗೆ ಇಳಿಯುತ್ತದೆ. ಮಿಲ್ಲಿಗೆ ಹಾಕಿದರೂ ಬೆಳ್ತಿಗೆ ಅಕ್ಕಿಯಷ್ಟು ನಷ್ಟವಾಗುವುದಿಲ್ಲ. 20ನೇ ಶತಮಾನದ ಆರಂಭದಲ್ಲಿ ಮಲಯದಲ್ಲಿ ಕುಚ್ಚಲಕ್ಕಿ ಉಣ್ಣುತ್ತಿದ್ದ ತಮಿಳು ಕೂಲಿಗಳಲ್ಲಿ ಬೆರಿಬೆರಿ ಅಪರೂಪ, ಬಿಳಿ ಅಕ್ಕಿ ಉಣ್ಣುತ್ತಿದ್ದ ಚೀನೀ ಕೂಲಿಗಳಲ್ಲಿ ಹೆಚ್ಚು ಎಂಬುದನ್ನು ವೈದ್ಯರು ಗಮನಿಸಿದ್ದರು.

ತಕರಾರು ಶುರುವಾಗುವುದು ಮುಂದಿನ ಹೆಜ್ಜೆಯಲ್ಲಿ. ಒಸಾವಾ ಪಥ್ಯಕ್ಕೆ ಮೆಟ್ಟಿಲುಗಳನ್ನು ಮಾಡಿದರು. ಮೇಲಿನ ಮೆಟ್ಟಿಲಾದ 7ನೆಯದರಲ್ಲಿ ಧಾನ್ಯ ಮಾತ್ರ, ನೀರೂ ಮಿತ. ರೋಗಗಳಿಗೆಲ್ಲ ಇದೇ ಮದ್ದು ಎಂದರು. 1965ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಇಂಥ ಕಟ್ಟುನಿಟ್ಟಿನ ಪಥ್ಯ ಹಿಡಿದ ಯುವತಿಯೊಬ್ಬಳು ಸೊರಗಿ ಸತ್ತಳು. 1971ರಲ್ಲಿ ಅಮೆರಿಕದ ವೈದ್ಯರ ಸಂಘವೇ ಎಚ್ಚರಿಕೆ ಕೊಟ್ಟಿತು. ಮುಂದೆ ಬಾಸ್ಟನ್ನಿನಲ್ಲಿ ಮಿಚಿಯೋ ಕುಶಿಯವರು ತರಕಾರಿ, ಬೇಳೆ, ಸಾರು ಸೇರಿಸಿ ಪಥ್ಯವನ್ನು ಸಡಿಲಿಸಿದರು. ಆದರೆ ಕ್ಯಾನ್ಸರಿಗೂ ಇದು ಆಗುತ್ತದೆ ಎಂಬ ಮಾತು ಹರಡಿತು. ಅದಕ್ಕೆ ವಿಜ್ಞಾನದ ಆಧಾರ ಸಿಕ್ಕಿಲ್ಲ. ಕುಶಿಯವರ ಪತ್ನಿ 2001ರಲ್ಲಿ, ಅವರು 2014ರಲ್ಲಿ ಕ್ಯಾನ್ಸರಿನಿಂದಲೇ ತೀರಿಕೊಂಡರು. ಇದನ್ನು ಹೇಳುವುದು ಹಂಗಿಸುವುದಕ್ಕಲ್ಲ. ಪಥ್ಯ ಗುರುವನ್ನೂ ಕಾಯಲಿಲ್ಲ ಎಂದು ತಿಳಿಯುವುದಕ್ಕೆ.

ಅಣ್ಣನ ಜೆರಾಕ್ಸ್ ಹಾಳೆಯಲ್ಲಿ ಈ ಎರಡನೇ ಅರ್ಧ ಇರಲಿಲ್ಲ. ಕೆಂಪಕ್ಕಿಯಾದರೂ ಅಕ್ಕಿ ಅಕ್ಕಿಯೇ, ರಕ್ತಕ್ಕೆ ಸಕ್ಕರೆಯಾಗಿಯೇ ಸೇರುತ್ತದೆ ಎಂಬ ಮಾತೂ ಇರಲಿಲ್ಲ. ನಾಲ್ಕನೇ ತಿಂಗಳಲ್ಲಿ ಅತ್ತಿಗೆಯ ಫೋನ್ ಬಂತು. ಕಾಲಿನ ಸಣ್ಣ ಗಾಯ ಕೊಳೆತಿತ್ತು. ಒಂದು ಬೆರಳು ಹೋಯಿತು. ಕಾಲು ಉಳಿಯಿತು. ಆಸ್ಪತ್ರೆಯ ಹಾಸಿಗೆಯಲ್ಲಿ ಅಣ್ಣ ಕೇಳಿದ, "ನೀವು ಮಕ್ಕಳಿಗೆ ಪಾಠ ಹೇಳುವವರು. ಆವತ್ತು ಯಾಕೆ ಒಂದು ಮಾತು ಹೇಳಲಿಲ್ಲ?" ನಮ್ಮಲ್ಲಿ ಉತ್ತರವಿರಲಿಲ್ಲ.

ಈಗ ತರಗತಿಯಲ್ಲಿ ಕೊರತೆಯ ರೋಗಗಳ ಪಾಠ ಬಂದಾಗ ಬೆರಿಬೆರಿಯ ಕಥೆಯನ್ನೂ ಹೇಳುತ್ತೇವೆ, ಒಸಾವಾ ಅವರ ಕಥೆಯನ್ನೂ ಹೇಳುತ್ತೇವೆ. ಮನೆಯಲ್ಲಿ ಯಾರಾದರೂ ಮದ್ದು ಬಿಟ್ಟು ಪಥ್ಯ ಹಿಡಿದರೆ ಡಾಕ್ಟರನ್ನು ಕೇಳಿದಿರಾ ಎಂದು ಕೇಳಲು ಮಕ್ಕಳಿಗೆ ಕಲಿಸುತ್ತೇವೆ. ಹಿರಿಯರನ್ನು ಹಾಗೆ ಕೇಳುವುದು ಅಧಿಕಪ್ರಸಂಗವಲ್ಲ.

ಅಣ್ಣ ಈಗ ಗುಳಿಗೆ ತಪ್ಪಿಸುವುದಿಲ್ಲ. ಕುಚ್ಚಲಕ್ಕಿ ಗಂಜಿಯನ್ನೂ ಬಿಟ್ಟಿಲ್ಲ. ಡಾಕ್ಟರು ಹೇಳಿದ ಅಳತೆಯಲ್ಲಿ, ಪಲ್ಯ ಜಾಸ್ತಿ ಹಾಕಿಕೊಂಡು ಉಣ್ಣುತ್ತಾನೆ.