ಮಂಚದ ಕೆಳಗಿನ ಗಂಟು

ವಿಜಯಪುರದಿಂದ ಅಥಣಿಯ ದಾರಿ ಹಿಡಿದರೆ ತಿಕೋಟಾ ಸಿಗುತ್ತದೆ. ಕೃಷ್ಣಾನದಿಯ ಕಡೆಗೆ ಹೊರಟರೆ ಬಬಲೇಶ್ವರ. ಹಿಂದೆ ವಿಜಯಪುರ ತಾಲ್ಲೂಕಿಗೆ ಸೇರಿದ್ದ ಈ ಎರಡು ಊರುಗಳೂ ಈಗ ತಾಲ್ಲೂಕು ಕೇಂದ್ರಗಳು. ಹಗಲೆಲ್ಲ ದ್ರಾಕ್ಷಿಯ ತೋಟದಲ್ಲಿಯೋ ಕಿರಾಣಿ ಅಂಗಡಿಯಲ್ಲಿಯೋ ಹೊಲಿಗೆಯಂತ್ರದ ಮುಂದೆಯೋ ದುಡಿದು, ರಾತ್ರಿ ಮನೆಮಂದಿ ಮಲಗಿದ ಮೇಲೆ ಮಕ್ಕಳ ಹಳೆಯ ನೋಟುಪುಸ್ತಕದ ಉಳಿದ ಹಾಳೆಗಳಲ್ಲಿ ಕವಿತೆ ಬರೆಯುವವರು ಇಂಥ ಊರುಗಳಲ್ಲಿ ಐದಾರು ಮಂದಿಯಾದರೂ ಇದ್ದೇ ಇರುತ್ತಾರೆ. ಒಂದು ದಿನ ಅವರಲ್ಲೊಬ್ಬರು, ಬಹುಮಟ್ಟಿಗೆ ಶಾಲೆಯ ಮಾಸ್ತರರು, ಎಲ್ಲರ ಬರಹಗಳನ್ನೂ ಸೇರಿಸಿ ಒಂದು ಸಂಕಲನ ತರೋಣವೆನ್ನುತ್ತಾರೆ. ತಲೆಗಿಷ್ಟೆಂದು ಪಟ್ಟಿ ಹಾಕುತ್ತಾರೆ. ಪುಸ್ತಕದ ಗಂಟುಗಳು ಬಸ್ಸಿನಲ್ಲಿ ಬಂದಿಳಿಯುತ್ತವೆ. ಬಿಡುಗಡೆಯ ದಿನ ಹಾರ, ಶಾಲು, ಚುರುಮುರಿ ಸೂಸಲ, ಚಹಾ.

ಬಂದವರಿಗೆಲ್ಲ ಗೌರವ ಪ್ರತಿ. ಓದಿ ಅಭಿಪ್ರಾಯ ತಿಳಿಸುತ್ತೇವೆಂದು ಎಲ್ಲರೂ ಹೇಳುತ್ತಾರೆ. ಅದು ಬೀಳ್ಕೊಡುವಾಗಿನ ಸೌಜನ್ಯದ ಮಾತು. ಉಳಿದ ಪ್ರತಿಗಳು ಮಾಸ್ತರರ ಮಂಚದ ಕೆಳಗೆ ಸೇರುತ್ತವೆ. ಮಳೆಗಾಲ ಮುಗಿದಾಗ ಗೆದ್ದಲು ಹತ್ತಿದೆಯೇ ಎಂದು ಗಂಟು ಬಿಚ್ಚಿ ನೋಡಿ ಮತ್ತೆ ಕಟ್ಟಬೇಕು. ಕಸ ಗುಡಿಸುವಾಗ ಕಸಬರಿಗೆಗೆ ಅಡ್ಡ ಬರುವ ಆ ಗಂಟನ್ನು ಕಂಡು ತಾಯಿ ಕೇಳುತ್ತಾಳೆ: "ತಮ್ಮಾ, ಇವು ಯಾವಾಗ ಹೋಗ್ತಾವ?"

ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಒಂದು ಇಡೀ ಆಯುಷ್ಯವನ್ನು ಸವೆಸಿದ ಮಹನೀಯರೊಬ್ಬರು ಇದೇ ನೆಲದಲ್ಲಿ ಬಾಳಿದರು. ಅವರೇ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ, ಕಾನೂನು ಓದಿ, 1904ರಲ್ಲಿ ಆಗಿನ ವಿಜಾಪುರಕ್ಕೆ ಬಂದು ವಕೀಲಿ ಹಿಡಿದರು. ಮನಸ್ಸು ಮಾಡಿದ್ದರೆ ಆ ವೃತ್ತಿಯಲ್ಲಿ ಸುಖವಾಗಿ ಬಾಳಬಹುದಾಗಿತ್ತು. ಆದರೆ ಅದಕ್ಕೂ ಮೊದಲೇ ರಬಕವಿ-ಬನಹಟ್ಟಿಯ ಕಡೆ ಕಂಡ ತಾಳೆಗರಿಯ ಕಟ್ಟುಗಳು ಅವರ ಮನಸ್ಸನ್ನು ಹಿಡಿದಿದ್ದವು. ಜನ ಆ ಗರಿಗಳಿಗೆ ಹೂವೇರಿಸಿ ಪೂಜಿಸುತ್ತಿದ್ದರು. ಬಿಚ್ಚಿ ಓದುವವರು ವಿರಳ. ಮಂಚದ ಕೆಳಗಿನ ಗಂಟಿಗೂ ದೇವರ ಜಗುಲಿಯ ಮೇಲಿನ ಗಂಟಿಗೂ ಓದುಗನ ದೃಷ್ಟಿಯಿಂದ ಹೆಚ್ಚಿನ ಅಂತರವಿಲ್ಲ.

ಆ ಗರಿಗಳಲ್ಲಿದ್ದ ಮಾತುಗಳನ್ನಾಡಿದವರು ಯಾರು? ಹನ್ನೆರಡನೆಯ ಶತಮಾನದ ಶರಣರು. ದೋಣಿ ನಡೆಸುವ ಚೌಡಯ್ಯ, ಬಟ್ಟೆ ಒಗೆಯುವ ಮಾಚಯ್ಯ, ಹಗ್ಗ ಹೊಸೆಯುವ ಚಂದಯ್ಯ, ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಮಾರಯ್ಯನ ಮಡದಿ ಲಕ್ಕಮ್ಮ. ಬಸವಣ್ಣನವರ ಬಾಗೇವಾಡಿ ಇದೇ ಜಿಲ್ಲೆಯದು. ಸಿದ್ಧರಾಮನ ಸೊನ್ನಲಿಗೆಯೂ ದೂರವಿಲ್ಲ. ಇವರಲ್ಲಿ ಬಹುಮಂದಿಗೆ ಬರವಣಿಗೆ ಕಸುಬಾಗಿರಲಿಲ್ಲ; ಕಸುಬಿನ ನಡುವೆ ಬಂದ ಮಾತು ವಚನವಾಯಿತು. ಅವರ ಮಾತುಗಳನ್ನು ಒಟ್ಟುಗೂಡಿಸುವ ಕೆಲಸ ಸುಲಭದ್ದಾಗಿರಲಿಲ್ಲ. ಗರಿಯ ಮೇಲೆ ಪದ ಪದಕ್ಕೆ ನಡುವೆ ತೆರಪಿಲ್ಲ. ಹ್ರಸ್ವವೋ ದೀರ್ಘವೋ ಎಂಬುದನ್ನು ಹಲವೆಡೆ ಅರ್ಥದಿಂದಲೇ ಊಹಿಸಬೇಕು. ಹುಳು ತಿಂದ ಕಡೆ ಇನ್ನೊಂದು ಪ್ರತಿಯನ್ನು ಅರಸಬೇಕು. ಇದನ್ನೆಲ್ಲ ಅವರು ಹಗಲು ನ್ಯಾಯಾಲಯಕ್ಕೆ ಹೋಗಿಬಂದು ಮಾಡುತ್ತಿದ್ದರು. ಆ ಮಟ್ಟಿಗೆ ಅವರೂ ತಿಕೋಟಾದ ತೋಟಗಾರ ಕವಿಯ ಸಾಲಿನವರೇ.

ಹಸ್ತಪ್ರತಿ ಸಿದ್ಧವಾದಾಗ ಅದನ್ನು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಕಳಿಸಿದರು. ಅದು ಅಚ್ಚಾಗದೆ ಹಿಂದಿರುಗಿತು. ಕೊನೆಗೆ ಬೆಳಗಾವಿಯಲ್ಲಿ ಮುದ್ರಣವಾಗಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಹೊರಬಂದಿತು. ಆಗ ಹಳಕಟ್ಟಿಯವರಿಗೆ ನಲವತ್ತಮೂರು ವರ್ಷ. ಪುಸ್ತಕವೇನೋ ಬಂತು. ಓದುಗರೆಲ್ಲಿ? ಕನ್ನಡ ನಾಡು ಆಗ ಮುಂಬಯಿ, ಮದರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹಂಚಿಹೋಗಿತ್ತು. ವಿಜಾಪುರ ಮುಂಬಯಿ ಆಧಿಪತ್ಯದಲ್ಲಿತ್ತು. ಅಲ್ಲಿ ಮರಾಠಿಯ ಪ್ರಭಾವ ಬಲವಾಗಿತ್ತು. ಪುಸ್ತಕ ಮಾರಾಟವೆಂದರೆ ಬಹುಮಟ್ಟಿಗೆ ಅಂಚೆಯನ್ನು ನಂಬಿದ ವ್ಯವಹಾರ. ವಿ.ಪಿ. ಮಾಡಿ ಕಳಿಸಿದ ಕಟ್ಟನ್ನು ಹಣ ಕೊಟ್ಟು ಬಿಡಿಸಿಕೊಳ್ಳಬೇಕು. ಬಿಡಿಸಿಕೊಳ್ಳದಿದ್ದರೆ ಅದು ಕಳಿಸಿದವರ ಮನೆಗೇ ಮರಳುತ್ತದೆ. ಅಂಚೆಯ ವೆಚ್ಚವೂ ಅವರ ತಲೆಗೇ. ಪುಸ್ತಕ ಕಳಿಸಿದವನಿಗೆ ಪುಸ್ತಕವೇ ಹಿಂದಿರುಗುವ ದುಃಖವನ್ನು ಅನುಭವಿಸಿದವರೇ ಬಲ್ಲರು.

ಪುಸ್ತಕ ಚೆನ್ನಾಗಿದೆ, ಕೊಳ್ಳಿರಿ ಎಂದು ಕೂಗಿದರೆ ಸಾಲದೆಂಬುದನ್ನು ಹಳಕಟ್ಟಿಯವರು ಅರಿತರು. ಓದುವ ರೂಢಿಯನ್ನೇ ಬೆಳೆಸಬೇಕಾಗಿತ್ತು. 1926ರಲ್ಲಿ 'ಶಿವಾನುಭವ' ಪತ್ರಿಕೆಯನ್ನು ಆರಂಭಿಸಿದರು. ಮರುವರ್ಷ 'ನವಕರ್ನಾಟಕ' ವಾರಪತ್ರಿಕೆ ಬಂತು. ದಪ್ಪ ಗ್ರಂಥವನ್ನು ಕಂಡು ಹೆದರುವವನೂ ಪತ್ರಿಕೆಯ ನಾಲ್ಕು ಪುಟಗಳಿಗೆ ಹೆದರುವುದಿಲ್ಲ. ಈ ಸಲ ಒಬ್ಬ ಶರಣನ ಜೀವನ, ಮುಂದಿನ ಸಲ ಇನ್ನೊಬ್ಬನ ವಚನ. ಹೀಗೆ ಹೆಸರೇ ತಿಳಿಯದಿದ್ದವರು ಓದುಗನ ಮನೆಗೆ ಒಬ್ಬೊಬ್ಬರಾಗಿ ಬಂದರು. ಒಮ್ಮೆ ಪರಿಚಯವಾದವರ ಪುಸ್ತಕವನ್ನು ಓದುಗ ತಾನಾಗಿಯೇ ಕೇಳುತ್ತಾನೆ. ಹೀಗೆ ಬೆಳಕಿಗೆ ಬಂದ ವಚನಕಾರರು ಇನ್ನೂರಕ್ಕೂ ಹೆಚ್ಚು.

ಇದಕ್ಕೆಲ್ಲ ಪರರ ಮುದ್ರಣಾಲಯವನ್ನು ನೆಚ್ಚಿ ಕುಳಿತುಕೊಳ್ಳುವಂತಿರಲಿಲ್ಲ. ಅಂದಿನ ಮುದ್ರಣ ಮೊಳೆಯ ಮುದ್ರಣ. ಒಂದೊಂದು ಅಕ್ಷರಕ್ಕೂ ಸೀಸದ ಒಂದು ಅಚ್ಚುಮೊಳೆ. ಗುಣಿತಕ್ಕೆ ಬೇರೆ, ಒತ್ತಿಗೆ ಬೇರೆ. ಮೊಳೆ ಜೋಡಿಸುವವನು ಗೂಡು ಗೂಡುಗಳಿಂದ ಅವನ್ನು ಹೆಕ್ಕಿ ಸಾಲು ಕಟ್ಟಬೇಕು. ಕರಡು ತಿದ್ದಿ, ಪುಟ ಅಚ್ಚಾದ ಮೇಲೆ ಅದೇ ಮೊಳೆಗಳನ್ನು ಬಿಚ್ಚಿ ಗೂಡುಗಳಿಗೆ ಹಂಚಬೇಕು. ಆಮೇಲೆ ಮುಂದಿನ ಪುಟ. ಮದುವೆಯ ಕರೆಯೋಲೆಯ ಕೆಲಸ ಬಂದರೆ ಬಡ ಗ್ರಂಥ ಬದಿಗೆ ಸರಿಯಬೇಕಾಗುತ್ತಿತ್ತು. ಆದ್ದರಿಂದ ಹಳಕಟ್ಟಿಯವರು ವಿಜಾಪುರದಲ್ಲಿ ತಮ್ಮದೇ 'ಹಿತಚಿಂತಕ' ಮುದ್ರಣಾಲಯವನ್ನು ತೆರೆದರು. ಅದಕ್ಕಾಗಿ ಇದ್ದ ಮನೆಯನ್ನೇ ಮಾರಿದರು. ಬಾಡಿಗೆಯ ಮನೆ ಸೇರಿದ ಕುಟುಂಬದವರ ಮನಸ್ಸು ಏನೆಂದಿತೋ! ಯಜಮಾನರ ತ್ಯಾಗವನ್ನು ಕೊಂಡಾಡುವಾಗ, ಕೇಳದೆಯೇ ಅದರಲ್ಲಿ ಪಾಲು ಪಡೆದವರನ್ನು ನಾವು ಸುಲಭವಾಗಿ ಮರೆತುಬಿಡುತ್ತೇವೆ.

ಗೌರವಗಳೂ ಬಂದವು. 1926ರಲ್ಲಿ ಬಳ್ಳಾರಿಯ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. 1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. ವಿಜಾಪುರಕ್ಕೆ ಬಂದ ಬಿ.ಎಂ.ಶ್ರೀಯವರು ಗೋಳಗುಮ್ಮಟಕ್ಕಿಂತ ಮೊದಲು ಈ 'ವಚನ ಗುಮ್ಮಟ'ವನ್ನು ನೋಡಬಯಸಿದರೆಂದು ಜನ ಇಂದಿಗೂ ಹೇಳುತ್ತಾರೆ. ಸಂತೋಷದ ಮಾತೇ. ಆದರೆ ಮೆಚ್ಚುಗೆಯಿಂದ ಕಾಗದದ ಸಾಲ ತೀರುವುದಿಲ್ಲ. ಹಳಕಟ್ಟಿಯವರು ತೇಪೆ ಹಾಕಿದ ಕೋಟು ತೊಟ್ಟೇ ತಿರುಗುತ್ತಿದ್ದರೆಂಬುದೂ ಅದೇ ಜನರ ಬಾಯಲ್ಲಿದೆ. 1964ರಲ್ಲಿ ಅವರು ತೀರಿಕೊಂಡರು.

ಅದೇ ಜಿಲ್ಲೆಯ ಹಲಸಂಗಿಯ ಗೆಳೆಯರದೂ ಇಂಥದೇ ಸಾಹಸ. ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು ಹಳ್ಳಿಯ ಹೆಂಗಸರು ಬೀಸುವಾಗ, ಕುಟ್ಟುವಾಗ ಹಾಡುತ್ತಿದ್ದ ಪದಗಳನ್ನು ಕೇಳಿ ಬರೆದುಕೊಂಡರು. ಅವು 1931ರಲ್ಲಿ 'ಗರತಿಯ ಹಾಡು' ಆಗಿ ಬಂದಾಗ, ತಮ್ಮ ಹಾಡು ಪುಸ್ತಕವಾಗಿದೆ ಎಂಬುದು ಹಾಡಿದ ಎಷ್ಟು ಮಂದಿಗೆ ತಿಳಿದಿತ್ತೋ!

ತಿಕೋಟಾದ ಮಾಸ್ತರರಿಗೆ ಈಗ ಮೊಳೆ ಜೋಡಿಸುವ ಕಷ್ಟವಿಲ್ಲ, ಮನೆ ಮಾರುವ ಪ್ರಸಂಗವೂ ಇಲ್ಲ. ಗಣಕಯಂತ್ರದಲ್ಲಿ ಅಕ್ಷರ ಮೂಡುತ್ತವೆ. ಬೇಕಾದಷ್ಟೇ ಪ್ರತಿಗಳನ್ನು ತೆಗೆಸಬಹುದು. ಉಳಿದಿರುವುದು ಹಳೆಯ ಕಷ್ಟವೊಂದೇ: ಓದುಗನ ಮನೆಯ ಬಾಗಿಲು. ಕೆಲವರು ಆ ಬಾಗಿಲಿನವರೆಗೆ ಹೋಗುತ್ತಾರೆ. ಸಂತೆಯ ದಿನ ಹತ್ತು ಪ್ರತಿಗಳನ್ನು ಕೈಚೀಲಕ್ಕೆ ಹಾಕಿಕೊಂಡು ಹೊರಡುತ್ತಾರೆ. ಪುಸ್ತಕ ಬಂದಿದೆ, ತೆಗೆದುಕೊಳ್ಳಿ ಎನ್ನುವುದಿಲ್ಲ. ಹಾಳೆ ತಿರುವಿ, ಮಳೆ ಬಾರದ ವರ್ಷದ ಮೇಲೆ ಬರೆದ ಕವಿತೆಯೊಂದನ್ನು ಒಣದ್ರಾಕ್ಷಿ ಮಾರುವವನ ಮುಂದೆ ಓದುತ್ತಾರೆ. ಅವನು ತಕ್ಕಡಿ ಬದಿಗಿಟ್ಟು ಕೇಳುತ್ತಾನೆ. "ಇದನ್ನ ಬರದಾಂವ ಯಾರ್ರೀ?" ಎನ್ನುತ್ತಾನೆ. ಬಬಲೇಶ್ವರದ ಒಬ್ಬ ರೈತ ಎಂದು ತಿಳಿದಾಗ, "ಹಂಗಾದ್ರ ಖರೇನೇ ಬರದಾನ" ಎಂದು ಪುಸ್ತಕ ತೆಗೆದುಕೊಂಡು, ಕೈಯಲ್ಲಿದ್ದ ಇಪ್ಪತ್ತು ರೂಪಾಯಿ ಕೊಟ್ಟು, ಉಳಿದದ್ದನ್ನು ಮುಂದಿನ ಸಂತೆಗೆ ಕೊಡುತ್ತೇನೆನ್ನುತ್ತಾನೆ. ಮಾಸ್ತರರು ಲೆಕ್ಕದ ಪುಸ್ತಕದಲ್ಲಿ ಅವನ ಹೆಸರು ಬರೆದುಕೊಳ್ಳುತ್ತಾರೆ.